ಸಂಡೂರು ನೋಡೋಕೆ ಹೊರಟೋರಿಗೆ: ಹಸಿರನ್ನೂ ನೋಡಿ, ಕೆಂಪನ್ನೂ ನೋಡಿ

ಬಳ್ಳಾರಿ ಅಂದ್ರೆ ಬಿಸಿಲು, ಧೂಳು, ಲಾರಿ ಅಷ್ಟೇ ಅಂದ್ಕೊಂಡಿರೋರಿಗೆ ಸಂಡೂರು ತೋರಿಸ್ಬೇಕು, ಅದೂ ಮಳೆ ಬಿದ್ಮೇಲೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆದಾಗ ಹಂಪಿ, ಹೊಸಪೇಟೆ, ಟಿಬಿ ಡ್ಯಾಂ ಎಲ್ಲಾ ಆ ಕಡೆ ಹೋಯ್ತು, ಬಳ್ಳಾರಿ ಜಿಲ್ಲೆಗೆ ಉಳಿದಿದ್ದು ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ಈ ಐದೇ ತಾಲ್ಲೂಕು. ಕಂಪ್ಲಿ ಸಿರುಗುಪ್ಪ ಕಡೆ ಭತ್ತದ ಗದ್ದೆ, ಬಳ್ಳಾರಿ ಸುತ್ತ ಬೋಳು ಬಂಡೆ ಗುಡ್ಡ. ಕಾಡು ಅಂತ ಕಣ್ತುಂಬ ಸಿಗೋದು ಸಂಡೂರಲ್ಲೇ, ಕಬ್ಬಿಣದ ಅದಿರು ಇರೋದೂ ಅದೇ ಕಾಡಿನ ಕೆಳಗೆ, ಎಲ್ಲಾ ಜಗಳನೂ ಶುರುವಾಗೋದು ಅಲ್ಲಿಂದಾನೇ.

ಯಾವಾಗ ಹೋಗ್ಬೇಕು ಅಂತ ಜಾಸ್ತಿ ತಲೆ ಕೆಡಿಸ್ಕೋಬೇಡಿ. 1934ರಲ್ಲಿ ಗಾಂಧೀಜಿ ಇಲ್ಲಿಗೆ ಬಂದಿದ್ರು, ಸಂಡೂರನ್ನ ಸೆಪ್ಟೆಂಬರಲ್ಲಿ ನೋಡ್ಬೇಕು ಅಂದಿದ್ರು ಅಂತ ಊರೋರೆಲ್ಲ ಹೇಳ್ತಾರೆ, ಯಾರು ಹೇಳಿದ್ರೋ ಬಿಡಿ, ಮಾತಂತೂ ನಿಜ. ಆಗಸ್ಟಿಂದ ಅಕ್ಟೋಬರ್ ತನಕ ಬೆಳಗ್ಗೆ ಗುಡ್ಡದ ನೆತ್ತಿ ಮೇಲೆ ಮೋಡ ಕೂತಿರುತ್ತೆ, ಹತ್ತು ಗಂಟೆ ಮೇಲೆ ನಿಧಾನಕ್ಕೆ ಕರಗುತ್ತೆ, ಹಂಗಾಗಿ ಬೇಗ ಎದ್ದು ಹೊರಡಿ. ಏಪ್ರಿಲ್ ಮೇ ತಿಂಗಳಲ್ಲಿ ಮಾತ್ರ ಬೇಡ, ಎಲೆ ಉದುರಿರುತ್ತೆ, ಬಿಸಿಲಿಗೆ ತಲೆ ತಿರುಗುತ್ತೆ, ಆಮೇಲೆ ನನ್ನ ಬೈಕೋತೀರಾ.

ಬೆಂಗಳೂರಿಂದ ಕಾರಲ್ಲಾದ್ರೆ ಚಿತ್ರದುರ್ಗ, ಕೂಡ್ಲಿಗಿ ಮೇಲೆ ಬನ್ನಿ, ಹೆಚ್ಚುಕಮ್ಮಿ 300 ಕಿಲೋಮೀಟರ್. ಟ್ರೈನಲ್ಲಾದ್ರೆ ಹಂಪಿ ಎಕ್ಸ್‌ಪ್ರೆಸ್ ಹಿಡಿದು ತೋರಣಗಲ್ಲಲ್ಲೋ ಹೊಸಪೇಟೆಲೋ ಇಳೀರಿ, ಎರಡೂ ಕಡೆಯಿಂದ ಸಂಡೂರಿಗೆ ಬಸ್ಸಲ್ಲಿ ಒಂದು ಗಂಟೆ ಆಸುಪಾಸು. ಆದ್ರೆ ಗುಡ್ಡ, ಗುಡಿ, ಕೆರೆ ಎಲ್ಲಾ ದೂರ ದೂರ ಇರೋದ್ರಿಂದ ಸ್ವಂತ ಗಾಡಿ ಇಲ್ದಿದ್ರೆ ಊರಲ್ಲೇ ಒಂದು ಆಟೋ ಮಾತಾಡ್ಕೊಳ್ಳೋದು ವಾಸಿ.

ಮೊದ್ಲು ಊರು ಎಲ್ಲಿ ಕೂತಿದೆ ಅಂತ ತಿಳ್ಕೊಳ್ಳಿ, ಆಮೇಲೆ ಎಲ್ಲಾ ಸುಲಭ. ಎರಡು ಕಡೆ ಉದ್ದಕ್ಕೆ ಗುಡ್ಡದ ಸಾಲು, ನಡುವೆ ಊರು. ಕಣಿವೆ ನೀರೆಲ್ಲ ನಾರಿಹಳ್ಳಕ್ಕೆ ಸೇರಿ ಗುಡ್ಡ ಸೀಳ್ಕೊಂಡು ಆಚೆ ಹೋಗುತ್ತೆ, ಹಂಗೆ ಸೀಳಿದ ಜಾಗಗಳೇ ಭೀಮಗಂಡಿ, ಓಬಳಗಂಡಿ. ನಾರಿಹಳ್ಳಕ್ಕೆ ತಾರಾನಗರದ ಹತ್ರ ಡ್ಯಾಂ ಇದೆ, ಸಂಜೆ ಅಲ್ಲಿ ಹೋಗಿ ಸುಮ್ನೆ ಕೂತ್ಕೊಳ್ಳಿ, ನೀರಿಗೆ ಇಳಿಯೋ ಸಾಹಸ ಬೇಡ.

ಬೆಳಗಿನ ಹೊತ್ತಿಗೆ ಕುಮಾರಸ್ವಾಮಿ ಬೆಟ್ಟ ಇಟ್ಕೊಳ್ಳಿ. ಊರಿಂದ ಹತ್ತು ಹನ್ನೆರಡು ಕಿಲೋಮೀಟರ್, ಪೂರ್ತಿ ಕಾಡಿನ ರಸ್ತೆ, ದಾರೀಲೇ ಹರಿಶಂಕರ ಅನ್ನೋ ತೀರ್ಥ ಸಿಗುತ್ತೆ. ಮೇಲೆ ಎರಡು ಮುಖ್ಯ ಗುಡಿ ಇವೆ, ಪಾರ್ವತಿ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು, ಕುಮಾರಸ್ವಾಮಿ ಗುಡಿ ರಾಷ್ಟ್ರಕೂಟರ ಕಾಲದ್ದು. ಫ್ಯಾಮಿಲಿ ಕರ್ಕೊಂಡು ಹೋಗೋರು ಒಂದು ಮುಂಚೇನೇ ತಿಳ್ಕೊಂಡಿರಿ, ಕುಮಾರಸ್ವಾಮಿ ಗುಡಿಯೊಳಗೆ ಹೆಂಗಸರು ಹೋಗದ ಪದ್ಧತಿ ಹಿಂದಿನಿಂದ ನಡ್ಕೊಂಡು ಬಂದಿದೆ, ಅಲ್ಲಿ ಹೋಗಿ ಬಾಗಿಲಲ್ಲಿ ಬೇಜಾರಾಗೋದು ಬೇಡ. 1932ರಷ್ಟು ಹಿಂದೇನೇ ಇಲ್ಲಿನ ಘೋರ್ಪಡೆ ಅರಸರು ದಲಿತರಿಗೆ ಗುಡಿ ಬಾಗಿಲು ತೆರೆಸಿದ್ರು, ಆಗ ದೇಶದಲ್ಲಿ ಎಷ್ಟೋ ದೊಡ್ಡ ಸಂಸ್ಥಾನಗಳಿಗೆ ಆ ಧೈರ್ಯ ಬಂದಿರ್ಲಿಲ್ಲ, ಅಂಥಾ ಊರಲ್ಲೂ ಈ ಒಂದು ಬಾಗಿಲು ಹಂಗೇ ಉಳ್ಕೊಂಡಿದೆ ನೋಡಿ.

ಸಂಡೂರು ಸ್ವತಂತ್ರ ಸಂಸ್ಥಾನ ಆಗಿತ್ತು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಮರಾಠ ಮನೆತನ, 1949ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೇರ್ತು, 1953ರಲ್ಲಿ ಬಳ್ಳಾರಿ ಜೊತೆ ಮೈಸೂರು ಕಡೆ ಬಂತು. ಅವರ ಶಿವವಿಲಾಸ ಅರಮನೆ ಈಗ ಹೋಟೆಲ್. ಆ ಮನೆತನದ ಎಂ.ವೈ. ಘೋರ್ಪಡೆ ದೇವರಾಜ ಅರಸು ಕಾಲದಲ್ಲಿ ರಾಜ್ಯದ ಹಣಕಾಸು ಮಂತ್ರಿ, ಅದರ ಜೊತೆಗೆ ಒಳ್ಳೇ ವನ್ಯಜೀವಿ ಫೋಟೋಗ್ರಾಫರ್.

ಈಗ ಗುಡ್ಡ ನೋಡೋದು ಹೆಂಗೆ ಅಂತ ಹೇಳ್ತೀನಿ, ಬರೀ ರೀಲ್ಸ್ ಮಾಡ್ಕೊಂಡು ಬರೋರು ಇದನ್ನೇ ಬಿಡೋದು. ದಾರೀಲಿ ಎಲ್ಲಾದ್ರೂ ಸೇಫ್ ಆಗಿ ಗಾಡಿ ನಿಲ್ಸಿ, ರಸ್ತೆ ಪಕ್ಕದ ಒಂದು ಕಪ್ಪು ಕೆಂಪು ಕಲ್ಲು ಕೈಗೆ ತಗೊಳ್ಳಿ. ಮಾಮೂಲಿ ಬಂಡೆ ಚೂರಿಗಿಂತ ತೂಕ ಜಾಸ್ತಿ ಅನ್ಸುತ್ತೆ, ಒಳ್ಳೇ ಹೆಮಟೈಟ್, ಅಂದ್ರೆ ಕಬ್ಬಿಣ ಜಾಸ್ತಿ ಇರೋ ಅದಿರು ಆದ್ರಂತೂ ಹೆಚ್ಚುಕಮ್ಮಿ ಡಬಲ್. ಕೆಲವು ಕಲ್ಲಲ್ಲಿ ಕಂಬಳಿ ಪಟ್ಟಿ ಥರ ಕೆಂಪು, ಬೂದಿ, ಕಪ್ಪು ಗೆರೆ ಕಾಣುತ್ತೆ, ಸುಮಾರು 270 ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಕಬ್ಬಿಣ, ಸಿಲಿಕಾ ಪದರ ಪದರವಾಗಿ ಕೂತಿದ್ದು ಅದು. ಕೈಗೆ ಮಸಿ ಥರ ಅಂಟೋ ಕಪ್ಪು ಕಲ್ಲು ಸಿಕ್ರೆ ಮ್ಯಾಂಗನೀಸ್ ಇರಬಹುದು, ದೇವಗಿರಿ ಕಡೆ ಅದು ಜಾಸ್ತಿ. ನೋಡಿ ಅಲ್ಲೇ ಇಟ್ಬಿಡಿ, ಮನೆಗೆ ತರೋದು ಬೇಡ.

ಒಳ್ಳೇ ಅದಿರು ಗುಡ್ಡದ ನೆತ್ತೀಲೇ ಇರುತ್ತೆ. ಅದಕ್ಕೆ ಗಣಿ ಕೆಲಸ ಮೇಲಿಂದ ಕೆಳಗೆ ಬರುತ್ತೆ, ಮೊದ್ಲು ನೆತ್ತಿ ಮೇಲಿನ ಕಾಡು, ಹುಲ್ಲುಗಾವಲು ಹೋಗುತ್ತೆ. ದೂರದಿಂದ ಗುಡ್ಡ ನೋಡುವಾಗ ಮೆಟ್ಟಿಲು ಕೊರೆದಂಗೆ ಕಂಡ್ರೆ ಅದು ಗಣಿ, ಪಕ್ಕದಲ್ಲಿ ಇಳಿಜಾರಾಗಿ ಸುರಿದಂಗೆ ಕಂಡ್ರೆ ವೇಸ್ಟ್ ಮಣ್ಣಿನ ಗುಡ್ಡೆ. ಮಳೆಗಾಲದಲ್ಲಿ ಹಳ್ಳದ ನೀರು ಕೆಂಪಗೆ ಬಂತು ಅಂದ್ರೆ ಮೇಲೆಲ್ಲೋ ಆ ಮಣ್ಣು ಕೊಚ್ಕೊಂಡು ಬರ್ತಿದೆ ಅಂತ. ಇಷ್ಟು ಗೊತ್ತಿದ್ರೆ ಯಾವ ತಿರುವಲ್ಲಿ ನಿಂತ್ರೂ ಗುಡ್ಡ ತಾನೇ ಕಥೆ ಹೇಳುತ್ತೆ.

ಗಣಿ ಇಲ್ಲಿ ಹೊಸದಲ್ಲ. ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿಯ ದೋಣಿಮಲೈ ಗಣಿ 1977ರಿಂದ ನಡೀತಿದೆ, ಅದರ ಟೌನ್‌ಶಿಪ್ಪೇ ಒಂದು ಚಿಕ್ಕ ಊರು. 2003ರ ಆಸುಪಾಸು ಚೀನಾಗೆ ಕಬ್ಬಿಣ ಬೇಕಾಯ್ತು, ಅದಿರಿನ ರೇಟು ಏರ್ತು, ಆಮೇಲೆ ಹಗಲು ರಾತ್ರಿ ಲಾರಿ, ಹೊಲದಲ್ಲಿ ಬೆಳೆ ಬದಲು ಅದಿರು ರಾಶಿ ಹಾಕೋ ಸ್ಟಾಕ್‌ಯಾರ್ಡ್, ಸೊಪ್ಪಿನ ಮೇಲೆಲ್ಲ ಕೆಂಪು ಧೂಳು. 2011ರ ಜುಲೈಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆ ಬಗ್ಗೆ ವರದಿ ಕೊಟ್ರು, ಅದೇ ತಿಂಗಳ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸ್ತು. ಆಮೇಲೆ ಗಣಿಗಳನ್ನ ಎ, ಬಿ, ಸಿ ಅಂತ ವಿಂಗಡಿಸಿ, ಜಾಸ್ತಿ ಅಕ್ರಮ ಮಾಡಿದ ಸಿ ವರ್ಗದ ಲೀಸ್‌ಗಳನ್ನ 2013ರಲ್ಲಿ ರದ್ದು ಮಾಡಿದ್ರು, ಬಳ್ಳಾರಿ, ಚಿತ್ರದುರ್ಗ, ತುಮಕೂರು ಸೇರಿ ವರ್ಷಕ್ಕೆ 3 ಕೋಟಿ ಟನ್ ಅಂತ ಮಿತಿ ಹಾಕಿದ್ರು, ಆ ಮಿತಿ ಆಮೇಲೆ ಏರಿಸ್ತಾ ಬಂದ್ರು. ನಿಲ್ಲಿಸಿದಾಗ ಲಾರಿ ಸಾಲ ತೀರಿಸೋಕಾಗದೆ ಒದ್ದಾಡಿದ ಡ್ರೈವರ್‌ಗಳೂ ಇಲ್ಲಿಯವ್ರೇ, ಧೂಳಿಂದ ಕೆಮ್ಮಿದ ರೈತರೂ ಇಲ್ಲಿಯವ್ರೇ, ಹಂಗಾಗಿ ಚಹಾ ಅಂಗಡೀಲಿ ಗಣಿ ಒಳ್ಳೇದಾ ಕೆಟ್ಟದ್ದಾ ಅಂತ ಕೇಳಿದ್ರೆ ಒಂದೇ ಬೆಂಚಲ್ಲಿ ಎರಡು ಉತ್ತರ ಸಿಗುತ್ತೆ, ಎರಡೂ ಕೇಳಿಸ್ಕೊಳ್ಳಿ. 2024ರಲ್ಲಿ ದೇವದಾರಿ ಗುಡ್ಡದಲ್ಲಿ 400 ಹೆಕ್ಟೇರ್‌ಗೂ ಹೆಚ್ಚು ಕಾಡಲ್ಲಿ ಹೊಸ ಗಣಿ ಅಂದಾಗ ಮತ್ತೆ ಇದೇ ಮಾತು ಶುರುವಾಯ್ತು.

ಗಣಿ ಒಳಗೆ ಹೋಗೋಕೆ ಪರ್ಮಿಷನ್ ಬೇಕು, ಸುಮ್ನೆ ನುಗ್ಗಬೇಡಿ, ಡ್ರೋನ್ ಅಂತೂ ಹಾರಿಸ್ಲೇಬೇಡಿ. ಕಾಡೊಳಗೆ ಟ್ರೆಕ್ಕಿಂಗ್ ಅಂದ್ರೂ ಫಾರೆಸ್ಟ್‌ನವರನ್ನ ಕೇಳ್ಕೊಂಡೇ ಹೋಗಿ, ಕರಡಿ ಚಿರತೆ ಎರಡೂ ಇವೆ. ರಾಮನದುರ್ಗ ಕಡೆ ಹೋಗೋ ಆಸೆ ಇದ್ರೂ ಮೊದ್ಲು ದಾರಿ ವಿಚಾರಿಸಿ, ಬ್ರಿಟಿಷರು ಬಳ್ಳಾರಿ ಬಿಸಿಲಿಗೆ ಬೆಂದ ಸೈನಿಕರನ್ನ ಸುಧಾರಿಸ್ಕೊಳ್ಳೋಕೆ ಕಳಿಸ್ತಿದ್ದ ಜಾಗ ಅದು. ಕರಡಿ ನೋಡೋಕಂತಾನೇ ಆದ್ರೆ ಕಮಲಾಪುರದ ಹತ್ರ ದರೋಜಿ ಕರಡಿಧಾಮಕ್ಕೆ ಮಧ್ಯಾಹ್ನದ ಮೇಲೆ ಹೋಗಿ, ಸಂಜೆ ಹೊತ್ತು ಬಂಡೆ ಮೇಲೆ ಕಾಣಿಸ್ಕೊಳ್ಳೋ ಚಾನ್ಸ್ ಜಾಸ್ತಿ.

ಕೊಂಡ್ಕೊಳ್ಳೋಕೆ ಏನಿದೆ ಅಂದ್ರೆ ಲಂಬಾಣಿ ಕಸೂತಿ. ತಾಂಡಾದ ಹೆಣ್ಮಕ್ಕಳು ಕನ್ನಡಿ, ಕವಡೆ ಕೂಡಿಸಿ ಕೈಯಲ್ಲೇ ಹೊಲಿಯೋದು, ಸಂಡೂರು ಲಂಬಾಣಿ ಕಸೂತಿಗೆ ಜಿಐ ಟ್ಯಾಗೂ ಇದೆ. ಊರಲ್ಲಿ ಸಂಡೂರು ಕುಶಲ ಕಲಾ ಕೇಂದ್ರ ಅಂತಿದೆ, ಅಲ್ಲೇ ತಗೊಳ್ಳಿ, ರೇಟು ಜಾಸ್ತಿ ಅನ್ಸಿದ್ರೆ ಬಟ್ಟೆ ತಿರುಗಿಸಿ ಹಿಂದಿನ ಹೊಲಿಗೆ ನೋಡಿ, ಆಮೇಲೆ ಚೌಕಾಸಿ ಮಾಡೋ ಮನಸ್ಸೇ ಬರಲ್ಲ.

ತಿನ್ನೋಕೆ ಬೆಳಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಮಧ್ಯಾಹ್ನ ಜೋಳದ ರೊಟ್ಟಿ ಊಟ. ಮಿರ್ಚಿ ಖಾರ ಇರುತ್ತೆ, ಮಕ್ಕಳಿಗೆ ಕೊಡೋ ಮುಂಚೆ ನೀವು ಕಚ್ಚಿ ನೋಡಿ. ಬಿಳಿ ಬಟ್ಟೆ ಹಾಕ್ಕೊಂಡು ಬರಬೇಡಿ, ಕೆಂಪು ಧೂಳಿನ ಕಲೆ ಸುಲಭಕ್ಕೆ ಹೋಗಲ್ಲ. ಬೈಕಲ್ಲಿ ಬರೋರು ಅದಿರು ಟಿಪ್ಪರ್ ಹಿಂದೆ ಅಂಟ್ಕೊಂಡು ಹೋಗಬೇಡಿ, ಕಣ್ಣಿಗೆ ಧೂಳು, ಮೇಲಿಂದ ಕಲ್ಲು, ಜೊತೆಗೆ ಮಳೆ ಬಂದ್ರೆ ರಸ್ತೆ ಜಾರುತ್ತೆ. ಕತ್ತಲಾಗೋದ್ರೊಳಗೆ ಗುಡ್ಡ ಇಳಿದು ಊರು ಸೇರ್ಕೊಳ್ಳಿ, ಸಂಡೂರಲ್ಲಿ ರೂಮ್ ಸಿಗ್ದಿದ್ರೆ ಹೊಸಪೇಟೆಲಿ ಬೇಕಾದಷ್ಟು ಲಾಡ್ಜ್ ಇವೆ.