ಪ್ಯಾರಡೈಸ್ ಬೀಚ್‌ಗೆ ನಡೆದು ಹೋಗುವುದಾದರೆ ಬೇಲೆಕಾನದಿಂದ ಹೊರಡಿ

ಗೋಕರ್ಣಕ್ಕೆ ಹೋದವರು ಹೆಚ್ಚಾಗಿ ಓಂ ಬೀಚ್ ನೋಡಿ ವಾಪಸಾಗುತ್ತಾರೆ. ಅದರಾಚೆ ಹಾಫ್ ಮೂನ್, ಅದಕ್ಕೂ ಆಚೆ ಪ್ಯಾರಡೈಸ್. ಈ ಎರಡಕ್ಕೂ ವಾಹನ ಹೋಗುವ ರಸ್ತೆ ಇಲ್ಲ. ದೋಣಿ ಹತ್ತಬೇಕು, ಇಲ್ಲವೇ ನಡೆಯಬೇಕು. ನಡೆಯುವವರೂ ಸಾಮಾನ್ಯವಾಗಿ ಗೋಕರ್ಣ ಪೇಟೆಯಿಂದಲೇ ಹೊರಡುತ್ತಾರೆ. ಪ್ಯಾರಡೈಸ್ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿರುತ್ತದೆ, ನೀರಿನ ಬಾಟಲಿ ಖಾಲಿ, ದೋಣಿಯಲ್ಲಿ ಬಂದವರ ಗದ್ದಲ ಬೇರೆ. ಅದಕ್ಕೇ ಉಲ್ಟಾ ಬನ್ನಿ ಅನ್ನುತ್ತೇನೆ. ದಕ್ಷಿಣದ ಬೇಲೆಕಾನದಿಂದ ಶುರು ಮಾಡಿದರೆ ಏಕಾಂತದ ಬೀಚ್ ಮೊದಲೇ ಸಿಗುತ್ತದೆ. ಕಾಲು ಸೋಲುವಾಗ ಊರು ಹತ್ತಿರ ಬಂದಿರುತ್ತದೆ.

ಹಿಂದಿನ ದಿನ

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬೇಡವೇ ಬೇಡ. ಬೆಂಗಳೂರಿನವರಿಗೆ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ರಾತ್ರಿ ಮಲಗಿ ಬೆಳಿಗ್ಗೆ ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿಯಬಹುದು. ನಿಲ್ದಾಣ ಪೇಟೆಯಿಂದ ದೂರ, ಆಟೊ ಬೇಕಾಗುತ್ತದೆ. ಅದೇ ದಿನ ನಡೆಯಲು ಹೋಗಬೇಡಿ. ಒಂದು ರಾತ್ರಿ ಉಳಿದುಕೊಂಡು, ಮರುದಿನ ನಸುಕಿಗೆ ಬೇಲೆಕಾನಕ್ಕೆ ಬಿಡಲು ಆಟೊದವರ ಹತ್ತಿರ ಮಾತಾಡಿಟ್ಟುಕೊಳ್ಳಿ. ದರವನ್ನೂ ಆಗಲೇ ಹೇಳಿ ಮುಗಿಸಿ.

ಆ ಸಂಜೆಯೇ ಇನ್ನೊಂದು ಕೆಲಸವಿದೆ: ಉಬ್ಬರ ಇಳಿತದ ಸಮಯ ತಿಳಿದುಕೊಳ್ಳುವುದು. ಇಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿ ದಿನ ಈ ಸಮಯ ಹೆಚ್ಚುಕಡಿಮೆ 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಂದರೆ ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಇಳಿತ ಇದ್ದರೆ, ಮುಂದಿನ ಭಾನುವಾರ ಅದೇ ಹೊತ್ತಿಗೆ ಉಬ್ಬರದ ಆಸುಪಾಸು. ಸ್ನೇಹಿತರು ಹೋದ ವಾರ ಹೇಳಿದ ಸಮಯ ನಿಮಗೆ ನಡೆಯುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಜುಬಾಜು ಏರಿಳಿತ ಇನ್ನೂ ಜೋರು. ಮೊಬೈಲಿನಲ್ಲಿ ನೋಡಿದರೂ, ಬೇಲೆಕಾನದಲ್ಲಿ ಬಲೆ ಬಿಡಿಸುತ್ತಾ ಕೂತವರನ್ನು ಒಮ್ಮೆ ಕೇಳಿ: "ಅಣ್ಣಾ, ನೀರು ಏರ್ತಾ ಇದ್ಯಾ, ಇಳೀತಾ ಇದ್ಯಾ?" ಆ್ಯಪ್‌ಗಿಂತ ಅವರ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಚೀಲದಲ್ಲಿ ಏನಿರಬೇಕು

ಒಬ್ಬರಿಗೆ ಎರಡು ಲೀಟರ್ ನೀರು, ತಿನ್ನಲು ಏನಾದರೂ, ಟೋಪಿ, ಕಸಕ್ಕೊಂದು ಖಾಲಿ ಚೀಲ. ನೆಟ್‌ವರ್ಕ್ ನಂಬುವಂತಿಲ್ಲ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಹವಾಯಿ ಚಪ್ಪಲಿಯಲ್ಲಿ ಹೊರಡಬೇಡಿ.

ಬೇಲೆಕಾನದಿಂದ ಹಾಫ್ ಮೂನ್

ಬೇಲೆಕಾನದಿಂದ ಕಡಲನ್ನು ಎಡಕ್ಕೆ ಇಟ್ಟುಕೊಂಡು ಉತ್ತರಕ್ಕೆ ನಡೆಯಿರಿ. ದಾರಿ ತಪ್ಪಿತೇನೋ ಅನ್ನಿಸಿದರೆ ಕೊನೆಯದಾಗಿ ಕಂಡ ಸ್ಪಷ್ಟ ಕಾಲುದಾರಿಗೆ ವಾಪಸ್ ಬನ್ನಿ. ಪೊದೆ ನುಗ್ಗಿ ನೇರ ಇಳಿಯುವ ಸಾಹಸ ಬೇಡ.

ಪ್ಯಾರಡೈಸ್ ಅಂದರೆ ಉದ್ದಾನುದ್ದ ಮರಳಲ್ಲ. ಬಂಡೆಗಳ ನಡುವೆ ಸಿಕ್ಕಿಕೊಂಡ ಪುಟ್ಟ ಪುಟ್ಟ ಮರಳಿನ ತುಂಡುಗಳು. ತೀರ ಪಶ್ಚಿಮಕ್ಕೆ ಮುಖ ಮಾಡಿದೆ, ಹಿಂದೆ ಗುಡ್ಡ. ಹಾಗಾಗಿ ಬೆಳಿಗ್ಗೆ ಒಂದಷ್ಟು ಹೊತ್ತು ನೆರಳಿರುತ್ತದೆ. ತಿಂಡಿ ತಿನ್ನಲು ಇದಕ್ಕಿಂತ ಒಳ್ಳೆ ಜಾಗ ಬೇಕಾ?

ನೀರಿಗಿಳಿಯುವ ಮೊದಲು ಐದು ನಿಮಿಷ ಸುಮ್ನೆ ಅಲೆ ನೋಡಿ. ಎರಡೂ ಕಡೆ ಅಲೆ ಒಡೆದು ನೊರೆ ಏಳುತ್ತಿರುತ್ತದೆ, ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಕಡುಬಣ್ಣದಲ್ಲಿ ಕಾಣುತ್ತದೆ. ಈಜು ಕಡಿಮೆ ಬಲ್ಲವರು ಅಲ್ಲಿಗೇ ಹೋಗುತ್ತಾರೆ. ದಡಕ್ಕೆ ಬಂದ ನೀರು ಒಟ್ಟಾಗಿ ಕಡಲಿಗೆ ಮರಳುವ ಸೆಳೆತದ ದಾರಿ ಅದೇ ಆಗಿರಬಹುದು. ಸಿಕ್ಕಿಕೊಂಡರೆ ದಡದ ಕಡೆ ಜಗ್ಗಾಡಬೇಡಿ. ದಂಡೆಯ ಉದ್ದಕ್ಕೆ, ಅಡ್ಡವಾಗಿ ಈಜಿ ಸೆಳೆತದಿಂದ ಹೊರಬನ್ನಿ. ಇಲ್ಲಿ ಜೀವರಕ್ಷಕರು ಇರುತ್ತಾರೆ ಎಂದುಕೊಳ್ಳಬೇಡಿ. ನನ್ನನ್ನು ಕೇಳಿದರೆ, ಮೊಣಕಾಲುದ್ದ ನೀರು ಸಾಕು.

ಮುಂದೆ ಹಾಫ್ ಮೂನ್‌ವರೆಗೆ ಬಂಡೆಗಳೇ ಜಾಸ್ತಿ. ಇಳಿತದಲ್ಲಿ ದಾಟಿ. ಒಣಗಿದ ಬಂಡೆ ಹಿಡಿತ ಕೊಡುತ್ತದೆ, ಪಾಚಿ ಹಿಡಿದದ್ದು ಕೊಡುವುದಿಲ್ಲ. ಗುಡ್ಡದ ಮೇಲಿನ ಕೆಂಪು ಮುರಕಲ್ಲಿನ ಹರಳುಗಳು ಇಳಿಜಾರಿನಲ್ಲಿ ಕಾಲಡಿ ಗೋಲಿಗಳಂತೆ ಉರುಳುತ್ತವೆ. ಪಾದ ಅಡ್ಡ ಇಟ್ಟು ಇಳಿಯಿರಿ. ಬಂಡೆಗೆ ಅಲೆ ಬಡಿಯುತ್ತಿದ್ದರೆ ನೀರು ಇಳಿಯುವವರೆಗೆ ಕಾಯಿರಿ, ಇಲ್ಲವೇ ದೋಣಿಯಲ್ಲಿ ಬನ್ನಿ. ಅದರಲ್ಲಿ ನಾಚಿಕೆ ಏನಿಲ್ಲ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ.

ಅಲ್ಲಿಂದ ಗೋಕರ್ಣ

ಹಾಫ್ ಮೂನ್‌ನಿಂದ ಗುಡ್ಡದ ಕಾಲುದಾರಿ ಓಂ ಬೀಚ್‌ಗೆ ಬರುತ್ತದೆ. ಸಾಕಾದರೆ ಮೆಟ್ಟಿಲು ಹತ್ತಿ, ಮೇಲೆ ರಸ್ತೆ, ಆಟೊ ಎರಡೂ ಇವೆ. ಶಕ್ತಿ ಇದ್ದರೆ ಊಟ ಮಾಡಿ, ಬಿಸಿಲು ಇಳಿದ ಮೇಲೆ ಕುಡ್ಲೆಗೆ ಹೊರಡಿ. ಕುಡ್ಲೆಯಿಂದ ಇನ್ನೊಂದು ಗುಡ್ಡ ದಾಟಿ, ರಾಮತೀರ್ಥದ ಕಡೆ ಇಳಿದರೆ ಗೋಕರ್ಣದ ದೊಡ್ಡ ಬೀಚ್. ಈ ಗುಡ್ಡವನ್ನು ಕತ್ತಲಾಗುವ ಮೊದಲೇ ದಾಟಿಬಿಡಿ.

ಮಹಾಬಲೇಶ್ವರನ ದರ್ಶನ ಮಾಡುವವರು ರೂಮಿಗೆ ಹೋಗಿ ಸ್ನಾನ ಮಾಡಿ, ಗಂಡಸರು ಪಂಚೆ ಉಟ್ಟು ಹೋಗಿ. ಊರಿಗೆ ಮರಳುವವರಿಗೆ ಪೇಟೆಯ ನಿಲ್ದಾಣದಿಂದ ಕುಮಟಾ, ಅಂಕೋಲಾ ಎರಡೂ ಕಡೆ ಬಸ್ ಇವೆ.