‘ಎರಡು ಕನಸು’ ಹಾಡುಗಳನ್ನು ತಟ್ಟೆಯಿಂದ ಕಂಪ್ಯೂಟರಿಗೆ ತಂದ ಬಗೆ

1974ರಲ್ಲಿ ತೆರೆಕಂಡ, ದೊರೈ–ಭಗವಾನ್ ನಿರ್ದೇಶನದ ‘ಎರಡು ಕನಸು’ ಚಿತ್ರದ ಹಾಡುಗಳು ಇಂದು ಯಾರಿಗೆ ಬೇಕಾದರೂ ಸುಲಭವಾಗಿ ಸಿಗುತ್ತವೆ. ಆದರೂ ಮನೆಯಲ್ಲಿದ್ದ, ನಿಮಿಷಕ್ಕೆ 45 ಸುತ್ತು ತಿರುಗುವ ಇಪಿ ಎಂಬ ಚಿಕ್ಕ ಗ್ರಾಮಫೋನ್ ತಟ್ಟೆಗಳಿಂದಲೇ ಅವುಗಳನ್ನು ಮತ್ತೆ ಮುದ್ರಿಸಿಕೊಳ್ಳಬೇಕೆಂದು ನನಗನ್ನಿಸಿತು. ನಾನು ಕೇಳಿದ ಅನೇಕ ಪ್ರತಿಗಳಲ್ಲಿ ಕರಕರ ಸದ್ದನ್ನು ತೆಗೆಯುವ ಭರದಲ್ಲಿ ಪಿ. ಬಿ. ಶ್ರೀನಿವಾಸ್ ಅವರ ಉಸಿರನ್ನೂ ತೆಗೆದುಹಾಕಿದ್ದರು. ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ನಿಯಮಿತವಾಗಿ ಹಾಡತೊಡಗಿದ್ದು ಆ ವರ್ಷದ ಆಸುಪಾಸಿನಲ್ಲೇ. ಹಾಗಾಗಿ ರಾಜ್ ಮುಖಕ್ಕೆ ಪಿ. ಬಿ. ಎಸ್. ಕಂಠ ಒದಗಿದ ದೀರ್ಘ ಕಾಲದ ಕೊನೆಯ ಘಟ್ಟದ ಹಾಡುಗಳಿವು ಎಂಬ ಕಾರಣಕ್ಕೂ ಆ ಉಸಿರು ನನಗೆ ಮುಖ್ಯವಾಗಿತ್ತು.

ಕೆಲಸದ ಬಹುಪಾಲು ಫಲಿತಾಂಶ ತೊಳೆಯುವಾಗಲೇ ನಿರ್ಧಾರವಾಗುತ್ತದೆ. ಬಟ್ಟಿ ಇಳಿಸಿದ ನೀರಿಗೆ ಸೌಮ್ಯವಾದ ಸೋಪಿನ ದ್ರಾವಣವನ್ನು ಒಂದೆರಡು ಹನಿ ಸೇರಿಸಿ, ನಡುವಿನ ಕಾಗದದ ಲೇಬಲ್ ನೆನೆಯದಂತೆ ನೋಡಿಕೊಂಡು, ಮೃದುವಾದ ಬಟ್ಟೆಯಿಂದ ಗೆರೆಗಳು ಸುತ್ತುವ ದಿಕ್ಕಿನಲ್ಲೇ ಒರೆಸಿದೆ. ಬಳಿಕ ಬರಿಯ ಬಟ್ಟಿ ನೀರಿನಿಂದ ಮತ್ತೊಮ್ಮೆ ತೊಳೆದು, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿದೆ. ಬಿಸಿಲಿಗೆ ಇಟ್ಟರೆ ತಟ್ಟೆ ಸೊಟ್ಟಗಾಗುತ್ತದೆ. ಗೆರೆಯಲ್ಲಿ ಧೂಳು ಉಳಿದಿರುವಾಗ ಮುಳ್ಳು ಇಳಿಸಿದರೆ ಆ ಧೂಳೇ ಗೆರೆಯನ್ನು ಕೆರೆಯುತ್ತದೆ, ಆಮೇಲೆ ಯಾವ ತಂತ್ರಾಂಶವೂ ಅದನ್ನು ಸರಿಪಡಿಸಲಾರದು.

ಆ ಕಾಲದ ಕನ್ನಡ ಇಪಿಗಳು ಬಹುಮಟ್ಟಿಗೆ ಮಾನೋ, ಅಂದರೆ ಎಡ–ಬಲ ಎಂದು ಬೇರೆಯಿಲ್ಲದ ಒಂದೇ ಧ್ವನಿಯವು; ನನ್ನಲ್ಲಿರುವುವೂ ಹಾಗೆಯೇ. ಮಾನೋ ತಟ್ಟೆಯ ಗೆರೆಯ ಎರಡೂ ಗೋಡೆಗಳಲ್ಲಿ ಇರುವುದು ಒಂದೇ ಹಾಡು. ಅದನ್ನು ಸ್ಟೀರಿಯೋ ಕಾರ್ಟ್ರಿಜ್‌ನಿಂದ (ಎರಡು ಗೋಡೆಗಳ ಸದ್ದನ್ನು ಎಡ, ಬಲ ಎಂದು ಬೇರೆಬೇರೆಯಾಗಿ ಹಿಡಿಯುವ, ಮುಳ್ಳಿರುವ ಭಾಗ) ನುಡಿಸಿ ಎಡ–ಬಲಗಳನ್ನು ಕೂಡಿಸಿದರೆ, ಮುಳ್ಳು ಮೇಲೆ ಕೆಳಗೆ ಅದುರುವುದರಿಂದ ಹುಟ್ಟುವ ಗದ್ದಲ ತಾನಾಗಿಯೇ ಅಳಿಸಿಹೋಗುತ್ತದೆ. ಆದರೆ ಕೂಡಿಸುವ ಮೊದಲು ಎರಡನ್ನೂ ಬೇರೆಬೇರೆಯಾಗಿ ಕೇಳುವುದು ಒಳ್ಳೆಯದು. ಹಳೆಯ ಪ್ಲೇಯರುಗಳ ಭಾರವಾದ ತೋಳು ಎಷ್ಟೋ ಸಲ ಒಂದು ಗೋಡೆಯನ್ನೇ ಹೆಚ್ಚು ಸವೆಸಿರುತ್ತದೆ. ಎಸ್. ಜಾನಕಿ ಹಾಡಿರುವ ‘ಪೂಜಿಸಲೆಂದೇ ಹೂಗಳ ತಂದೆ’ ಹಾಡಿನಲ್ಲಿ ನಾನು ಎರಡನ್ನೂ ಕೂಡಿಸದೆ, ಸವೆತ ಕಡಿಮೆಯಿದ್ದ ಬದಿಯನ್ನು ಮಾತ್ರ ಉಳಿಸಿಕೊಂಡೆ. ‘ಸ’ ಅಕ್ಷರದ ಸದ್ದುಗಳು ಸೀಳದೆ ಕೇಳಿದ್ದು ಅದರಲ್ಲಿ ಮಾತ್ರ. ತಟ್ಟೆಯ ನಡುವಿಗೆ ಹತ್ತಿರವಾದಂತೆ ಮುಳ್ಳಿನಡಿ ಗೆರೆ ಸಾಗುವ ವೇಗ ತಗ್ಗುವುದರಿಂದ, ಇಂತಹ ಸೀಳು ಹಾಡಿನ ಕೊನೆಯಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಮುಳ್ಳಿನಿಂದ ಬರುವ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಫೋನೋ ಪ್ರೀಆಂಪ್ ಮೂಲಕ, ಸಿಡಿಗಿಂತ ಸೂಕ್ಷ್ಮವಾದ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿಕೊಂಡೆ. ಅತ್ಯಂತ ಗಟ್ಟಿಯಾದ ಭಾಗವೂ ಮೈನಸ್ 6 ಡೆಸಿಬಲ್ ದಾಟದಂತೆ ಮಟ್ಟವನ್ನು ಹೊಂದಿಸಿದ್ದೆ; ಸೊನ್ನೆಯನ್ನು ಮೀರಿದರೆ ಸದ್ದು ಒಡೆಯುತ್ತದೆ. ಯಾವ ತಿದ್ದುಪಡಿಯನ್ನೂ ಮಾಡದ ಈ ಮೂಲ ಕಡತವನ್ನು ಬೇರೆ ಡಿಸ್ಕಿನಲ್ಲಿ ತೆಗೆದಿಟ್ಟೆ.

ತಿದ್ದುವಾಗ ಒಂದೊಂದು ಚಿಟುಕನ್ನೂ ತರಂಗಚಿತ್ರದಲ್ಲಿ ಹುಡುಕಿ ಕೈಯಿಂದಲೇ ತೆಗೆದೆ. ಇಡೀ ಹಾಡಿಗೆ ಒಮ್ಮೆಲೇ ಗದ್ದಲ ತಗ್ಗಿಸುವ ಸಾಧನವನ್ನು ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಪಿ. ಬಿ. ಎಸ್. ಮತ್ತು ವಾಣಿ ಜಯರಾಂ ಹಾಡಿರುವ ‘ಎಂದೆಂದು ನಿನ್ನನು ಮರೆತು’ ಯುಗಳಗೀತೆಗೆ ಅದನ್ನು ಹಚ್ಚಿ ಕೇಳಿದರೆ, ತಟ್ಟೆಯ ಹಿನ್ನೆಲೆ ಸದ್ದಿನ ಜೊತೆಗೆ ತಂತಿವಾದ್ಯಗಳ ಮೇಲುಸ್ವರದ ಹೊಳಪೂ ಹೋಗುತ್ತದೆ. ರಾಜನ್–ನಾಗೇಂದ್ರರ ವಾದ್ಯಸಂಯೋಜನೆಯಲ್ಲಿ ಸಾಲು ಸಾಲಿನ ನಡುವೆ ಬರುವ ಚಿಕ್ಕ ತುಣುಕುಗಳು ಹಾಡಿನಷ್ಟೇ ಮುಖ್ಯ. ಅವು ಮಂಕಾಗುವುದಕ್ಕಿಂತ ಸ್ವಲ್ಪ ಸರಸರ ಸದ್ದು ಉಳಿಯುವುದೇ ಮೇಲು. ‘ಬಾಡಿ ಹೋದ ಬಳ್ಳಿಯಿಂದ’ ಹಾಡಿನಲ್ಲಿಯಂತೂ ಹಾಗೆ ಉಳಿದ ಸದ್ದು ನನ್ನ ಕಿವಿಗೆ ಅಡ್ಡಬರುವುದೇ ಇಲ್ಲ, ಮನಸ್ಸೆಲ್ಲ ಪಿ. ಬಿ. ಎಸ್. ಕಂಠದಲ್ಲೇ ನೆಟ್ಟಿರುತ್ತದೆ.

ಈ ಕಡತಗಳನ್ನು ನಾನು ಎಲ್ಲಿಯೂ ಹಂಚುವುದಿಲ್ಲ. ನಮ್ಮ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷಗಳ ಕಾಲ ಇರುತ್ತದೆ. ಆದ್ದರಿಂದ 1974ರ ಮುದ್ರಣದ ಹಕ್ಕು 2034ರ ಕೊನೆಯವರೆಗೂ ಇದೆ. ಮನೆಯವರು ಕೇಳುವ ಪ್ರತಿಯಲ್ಲಿ ಗಾಯಕರ ಹೆಸರುಗಳ ಜೊತೆಗೆ ಗೀತರಚನೆಕಾರ ಚಿ. ಉದಯಶಂಕರ್ ಅವರ ಹೆಸರನ್ನೂ, ‘ಇಂದು ಎನಗೆ ಗೋವಿಂದ’ ಶ್ರೀ ರಾಘವೇಂದ್ರ ಸ್ವಾಮಿಗಳ ಕೃತಿ ಎಂಬುದನ್ನೂ, ಲೇಬಲ್ಲಿನ ಮೇಲಿದ್ದ ತಟ್ಟೆಯ ಸಂಖ್ಯೆಯನ್ನೂ ಕಡತದೊಳಗೇ ಬರೆದಿಟ್ಟಿದ್ದೇನೆ.