ಕಲ್ಲುಗೋಡೆ ದಾಟಲು ಫೈಬರ್, ಕೋಣೆಯೊಳಗೆ ವೈಫೈ

ಶಿಡ್ಲಘಟ್ಟದ ಸುತ್ತ ನಾನು ವೈರಿಂಗ್‌ಗೆ ಹೋಗುವ ಹಳೆಯ ಮನೆಗಳಲ್ಲಿ ಗೋಡೆ ಎಂದರೆ ಒಂದೂವರೆ ಅಡಿ ಕಲ್ಲು. ಹಜಾರಕ್ಕೆ ಇಂಟರ್ನೆಟ್ ಕಂಪನಿಯ ಫೈಬರ್ (ಬೆಳಕಿನಲ್ಲಿ ಮಾಹಿತಿ ಒಯ್ಯುವ ಗಾಜಿನ ಎಳೆ) ಬಂದಿರುತ್ತದೆ, ಅಡುಗೆಮನೆಯಲ್ಲಿ ವಿಡಿಯೊ ಓಡುವುದಿಲ್ಲ. "ಇನ್ನೂ ದೊಡ್ಡ ಆಂಟೆನಾದ ರೂಟರ್ ಹಾಕಿಬಿಡಿ" ಎನ್ನುತ್ತಾರೆ ಮನೆಯವರು. ನಾನು ಹಾಕುವುದಿಲ್ಲ. ಗೋಡೆ ದಾಟುವ ಕೆಲಸ ಫೈಬರ್‌ನದು, ಕೋಣೆಯೊಳಗೆ ಹರಡುವ ಕೆಲಸವಷ್ಟೇ ವೈಫೈನದು.

2.4 ಗಿಗಾಹರ್ಟ್ಸ್ ತರಂಗ ಗೋಡೆಯನ್ನು ಹೇಗೋ ದಾಟುತ್ತದೆ. ಆದರೆ ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮಾತ್ರ. ಅಕ್ಕಪಕ್ಕದ ಮನೆಯವರೂ ಅವುಗಳಲ್ಲೇ ಇರುತ್ತಾರೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ, ವೇಗವೂ ಹೆಚ್ಚು. ಕಲ್ಲು ಎದುರಾದರೆ ಸೋಲುತ್ತದೆ. 60 ಗಿಗಾಹರ್ಟ್ಸ್‌ನ ತರಂಗವಂತೂ 5 ಮಿಲಿಮೀಟರ್ ಉದ್ದದ್ದು, ಅಂಗೈ ಅಡ್ಡ ಬಂದರೂ ಕುಗ್ಗುತ್ತದೆ. ಕೋಣೆಗೊಂದು ವೈಫೈ ಪೆಟ್ಟಿಗೆ ಇಟ್ಟವರಿಗೆ ತರಂಗ ಗೋಡೆ ದಾಟದಿರುವುದು ಲಾಭವೇ: ಒಂದರ ಗದ್ದಲ ಇನ್ನೊಂದನ್ನು ಮುಟ್ಟುವುದಿಲ್ಲ.

ಕಂಪನಿಯ ಫೈಬರನ್ನು ಮುಟ್ಟಬೇಡಿ. ಅವರ ಪೆಟ್ಟಿಗೆಯ ಲ್ಯಾನ್ ಪೋರ್ಟಿನಿಂದ ಮೀಡಿಯಾ ಕನ್ವರ್ಟರ್‌ಗೆ (ತಂತಿಯ ಸಂಕೇತವನ್ನು ಬೆಳಕಾಗಿ, ಬೆಳಕನ್ನು ಮತ್ತೆ ಸಂಕೇತವಾಗಿ ಬದಲಿಸುವ ಡಬ್ಬಿ) ತಂತಿ, ಅಲ್ಲಿಂದ ಒಳಕೋಣೆಯ ಇನ್ನೊಂದು ಕನ್ವರ್ಟರ್‌ಗೆ ಸಿಂಗಲ್ ಮೋಡ್ ಎಂಬ ಬಗೆಯ ಫೈಬರ್, ಅದರಿಂದ ಅಕ್ಸೆಸ್ ಪಾಯಿಂಟ್, ಅಂದರೆ ಕೋಣೆಯೊಳಗೆ ವೈಫೈ ಹರಡುವ ಪೆಟ್ಟಿಗೆ. ಒಂದೇ ಎಳೆಯ ಕನ್ವರ್ಟರ್‌ಗಳನ್ನು ಜೋಡಿಯಾಗಿಯೇ ಕೊಳ್ಳಿ: ಒಂದು 1310 ನ್ಯಾನೊಮೀಟರ್‌ನಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಇನ್ನೊಂದು ಅದರ ತಿರುಗುಮುರುಗು. ಒಂದೇ ಬಗೆಯ ಎರಡನ್ನು ತಂದರೆ ಸಂಪರ್ಕದ ದೀಪ ಹತ್ತುವುದಿಲ್ಲ.

ಫೈಬರ್ ತುದಿಗಳನ್ನು ಬೆಸೆಯುವ ಯಂತ್ರ ಬೇಡವೆಂದರೆ ಎರಡೂ ತುದಿಗೆ ಕನೆಕ್ಟರ್ ಇರುವ ಕೇಬಲ್ ತನ್ನಿ. ಮೊದಲು ದಾರದಿಂದ ದಾರಿ ಅಳೆಯಿರಿ, ತೂತು ಕನೆಕ್ಟರಿನ ತಲೆ ತೂರುವಷ್ಟಿರಲಿ. ಜಿ.657.ಎ2 ಎಂದು ಬರೆದ ಕೇಬಲ್ 7.5 ಮಿಲಿಮೀಟರ್ ತ್ರಿಜ್ಯದವರೆಗೆ ಬಾಗಬಲ್ಲದು. ಆದರೂ ಮೂಲೆಗಳಲ್ಲಿ ಉದಾರವಾಗಿ ತಿರುಗಿಸಿ, ಮೊಳೆ ಕ್ಲಿಪ್ಪನ್ನು ಬಿಗಿಯಾಗಿ ಹೊಡೆಯಬೇಡಿ. ಹಸಿರು ಕನೆಕ್ಟರಿನ ಮುಖ 8 ಡಿಗ್ರಿ ಓರೆಯಾಗಿರುತ್ತದೆ, ನೀಲಿಯದು ಹಾಗಲ್ಲ, ಎರಡನ್ನೂ ಬೆರೆಸಬೇಡಿ. ತುದಿಯೊಳಗೆ ಇಣುಕಲೂಬೇಡಿ, ಅಲ್ಲಿಯ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ಹಿತ್ತಲಿನ ಹುಳುಮನೆಗೆ ಕ್ಯಾಮೆರಾ ಬೇಕೆಂದು ರೇಷ್ಮೆ ಬೆಳೆಗಾರರು ಕೇಳುತ್ತಾರೆ. ಅಲ್ಲಿಗಂತೂ ಫೈಬರ್ ಬಿಟ್ಟು ಬೇರೇನನ್ನೂ ಎಳೆಯುವುದಿಲ್ಲ ನಾನು: ಗಾಜಿನಲ್ಲಿ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ. ಹೊರಗೆ ಎಳೆಯುವ ಕೇಬಲ್ಲಿನ ಉಕ್ಕಿನ ತಂತಿಯಲ್ಲಿ ಮಾತ್ರ ಹರಿಯುತ್ತದೆ, ಅದನ್ನು ಗೋಡೆಯ ಹೊರಗೇ ಕಟ್ಟಿ ಕತ್ತರಿಸಿ. ಕನ್ವರ್ಟರನ್ನು ಹುಳುಮನೆಯ ಒಳಗಿಡಬೇಡಿ. ಚಾಕಿಯ (ಎಳೆಹುಳು ಸಾಕಣೆಯ) ತೇವ, ಸೋಂಕು ನಿವಾರಣೆಗೆ ಹಾಕುವ ಬ್ಲೀಚಿಂಗ್ ಪುಡಿ ಎರಡೂ ಅದರ ಲೋಹವನ್ನು ತಿನ್ನುತ್ತವೆ. ಹೊರಗೋಡೆಗೆ ಮುಚ್ಚಿದ ಡಬ್ಬಿ ಸಾಕು. ಇಲಿಗಳಿದ್ದರೆ ಕೇಬಲ್ಲಿಗೆ ಪಿವಿಸಿ ಪೈಪು.

ಸೆಟ್ಟಿಂಗ್ ಸುಲಭ: ಮೊಬೈಲು, ಕ್ಯಾಮೆರಾಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಕೆಲಸ ಕಂಪನಿಯ ಪೆಟ್ಟಿಗೆಗೆ ಮಾತ್ರ, ಉಳಿದವೆಲ್ಲ ಅಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ. ಎಲ್ಲಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಬೇರೆ ಬೇರೆ ಚಾನೆಲ್. ಪ್ರಸಾರದ ಬಲ ತಗ್ಗಿಸಿ, ಇಲ್ಲದಿದ್ದರೆ ಮೊಬೈಲ್ ಹಜಾರದ ಸಿಗ್ನಲ್ಲನ್ನೇ ಹಿಡಿದುಕೊಂಡು ಅಡುಗೆಮನೆಗೆ ಬರುತ್ತದೆ.

ಫೈಬರ್ ಕರೆಂಟನ್ನು ಒಯ್ಯದ ಕಾರಣ ಎರಡೂ ತುದಿಗೆ ಪುಟ್ಟ ಯುಪಿಎಸ್ ಬೇಕು. ಕನ್ವರ್ಟರ್‌ಗಳು ಹೆಚ್ಚಾಗಿ 5 ವೋಲ್ಟಿನವು, ರೂಟರ್‌ಗಳು 12ರವು. ಪಿನ್ನು ಒಂದೇ ಅಳತೆಯದಿದ್ದರೂ ಅಡಾಪ್ಟರ್ ಮೇಲಿನ ಅಂಕಿ ಓದಿಯೇ ಸಿಕ್ಕಿಸಿ.